ಹೆಸರಿಲ್ಲದ ತಾಕುಗಳು

ಮಳೆಗಾಲದಲ್ಲಿ ಬಾಳೆಲೆಗೆ ಹೋದವರು ಕರೆಂಟು ಇದ್ದಾಗ ಕೆಲಸ ಮಾಡಬೇಕು, ಇಲ್ಲದಾಗ ಜಗಲಿಯಲ್ಲಿ ಕೂತು ಮಳೆ ನೋಡಬೇಕು. ಲಕ್ಷ್ಮಣತೀರ್ಥ ಉಕ್ಕಿ ನಿಟ್ಟೂರು ಕಡೆಯ ರಸ್ತೆ ಮುಳುಗಿದ ಒಂದು ವಾರ ನಾನು ಊರಲ್ಲೇ ಉಳಿದುಬಿಟ್ಟೆ. ಹೇಗೂ ಲ್ಯಾಪ್‌ಟಾಪಿನ ಬ್ಯಾಟರಿ ನೆಚ್ಚಿಕೊಳ್ಳುವಂತಿರಲಿಲ್ಲವೆಂದು ಬರುವಾಗಲೇ ಗೋಣಿಕೊಪ್ಪದಲ್ಲಿ ಒಂದು ಕಂತೆ ಹಾಳೆ ಪ್ರಿಂಟ್ ಹಾಕಿಸಿ ತಂದಿದ್ದೆ. ಅವನ್ನು ಹರಡಿಕೊಂಡು ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದಾಗ ದೊಡ್ಡಪ್ಪ ಬಂದು ಬಗ್ಗಿ ನೋಡಿದರು. ಸಾಲುಸಾಲಾಗಿ ಅಂಕಿಗಳು. ಪ್ರತಿ ಸಾಲಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂದು ಎರಡು ಗಡಿ, ಅದರ ಪಕ್ಕ ನಾಲ್ಕು ಅಕ್ಷರ, ಕೊನೆಯಲ್ಲಿ ಕೆಲವು ಸಾಲಿಗೆ ಮಾತ್ರ ಒಂದು ಹೆಸರು.

“ಇದೆಂಥ, ನಿಮ್ಮಲ್ಲೂ ಪಹಣಿ ಉಂಟಾ?” ಅಂದರು.

ಉಂಟು. ನಾವು ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಓಡಿಸಿದಾಗ ಅದಕ್ಕೆ ತನ್ನದೇ ಆದ ಮೆಮೊರಿ ಪ್ರಪಂಚವೊಂದು ಸಿಗುತ್ತದೆ. ಸಾಮಾನ್ಯ 64-ಬಿಟ್ ಲಿನಕ್ಸ್ ಯಂತ್ರದಲ್ಲಿ ಈ ಪ್ರಪಂಚದ ವಿಸ್ತಾರ 128 ಟೆರಾಬೈಟ್. ಯಂತ್ರದೊಳಗಿನ ನಿಜವಾದ ಮೆಮೊರಿ ಅದರ ಸಾವಿರದಲ್ಲೊಂದು ಪಾಲೂ ಇರುವುದಿಲ್ಲ. 128 ಟೆರಾಬೈಟ್ ಎಂಬುದು ಬರೀ ವಿಳಾಸಗಳ ಲೆಕ್ಕ. ಈ ಬಯಲಿನಲ್ಲಿ ಪ್ರೋಗ್ರಾಂ ಕೇಳಿದಷ್ಟು ಜಾಗವನ್ನು 4,096 ಬೈಟಿನ ಪುಟಗಳಾಗಿ ಅಳೆದು ಕೊಡುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್. ಕೊಟ್ಟ ಪ್ರತಿ ತುಂಡಿಗೂ ಅದು ಒಂದು ದಾಖಲೆ ಇಡುತ್ತದೆ. ಆ ತುಂಡನ್ನು ನಾನು ಇಲ್ಲಿ ತಾಕು ಎಂದೇ ಕರೆಯುತ್ತೇನೆ. ಬೆಳೆ ಸಮೀಕ್ಷೆಯವರು ಹೊಲದ ತುಂಡಿಗೆ ಬಳಸುವ ಪದ ಇದಕ್ಕೂ ಚೆನ್ನಾಗಿ ಒಪ್ಪುತ್ತದೆ. ಎಲ್ಲ ತಾಕುಗಳ ಪಟ್ಟಿಯನ್ನು ಲಿನಕ್ಸ್ ‘ಪ್ರೋಕ್’ ಎಂಬ ವಿಶೇಷ ಕಡತಕೋಶದಲ್ಲಿ ‘ಮ್ಯಾಪ್ಸ್’ ಎಂಬ ಹೆಸರಿನಲ್ಲಿ ತೆರೆದಿಟ್ಟಿದೆ. ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿನ ಪಟ್ಟಿ ಓದಬಹುದು. ಒಂದು ಪುಟ್ಟ ಪ್ರೋಗ್ರಾಮಿಗೆ ಇಪ್ಪತ್ತು-ಇಪ್ಪತ್ತೈದು ಸಾಲು. ಬ್ರೌಸರಿನಂಥ ದೊಡ್ಡದಕ್ಕೆ ಸಾವಿರ ದಾಟುವುದೂ ಉಂಟು.

ಆ ನಾಲ್ಕು ಅಕ್ಷರಗಳು ಹಕ್ಕುಗಳು. ಮೊದಲನೆಯದು ಓದುವ ಹಕ್ಕು, ಎರಡನೆಯದು ಬರೆಯುವ ಹಕ್ಕು, ಮೂರನೆಯದು ಅಲ್ಲಿರುವುದನ್ನು ಆಜ್ಞೆಯೆಂದು ನಡೆಸುವ ಹಕ್ಕು. ನಾಲ್ಕನೆಯ ಅಕ್ಷರ ಈ ತಾಕು ಸ್ವಂತದ್ದೋ ಪಾಲಿನದ್ದೋ ಎಂದು ಹೇಳುತ್ತದೆ. ಹಕ್ಕಿಲ್ಲದ ಕಡೆ ಅಕ್ಷರದ ಬದಲು ಒಂದು ಗೆರೆ. ಇವನ್ನೆಲ್ಲ ದೊಡ್ಡಪ್ಪನಿಗೆ ವಿವರಿಸಿದೆ. ಅವರಿಗೆ ಪಹಣಿ ಓದಿ ಐವತ್ತು ವರ್ಷದ ಅಭ್ಯಾಸ. ನನ್ನ ಸಾಲುಗಳ ಮೇಲೆ ಬೆರಳಾಡಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು.

“ಹೆಸರಿಲ್ಲದ ಸಾಲೇ ಜಾಸ್ತಿ ಉಂಟಲ್ಲ. ಇಲ್ಲೆಲ್ಲ ಯಾರು ಏನು ಬೆಳೀತಿದ್ದಾರೆ ಅಂತ ಹೇಗೆ ಗೊತ್ತಾಗ್ತದೆ?”

ಕರ್ನಲ್ ಕಟ್ಟುವವರು ಎಷ್ಟೋ ವರ್ಷಗಳಿಂದ ಚರ್ಚಿಸುತ್ತಿರುವ ಪ್ರಶ್ನೆ ಇದೇ. ತಾಕುಗಳಿಗೆ ಕರ್ನಲ್ ಹೆಸರು ಕೊಡಬೇಕೆ? ಕೊಡುವುದಾದರೆ ಆ ಹೆಸರನ್ನು ಯಾರ ಮಾತಿನ ಮೇಲೆ ಬರೆಯಬೇಕು? ಹೊರಗಿನವರಿಗೆ ಸಣ್ಣ ವಿಷಯವಾಗಿ ಕಾಣಬಹುದು. ನನಗೆ ಮಾತ್ರ ಈ ಕುಸುರಿಯನ್ನು ನೋಡಿದಷ್ಟೂ ಗೌರವ ಹೆಚ್ಚಿದೆ.

ಆರಂಭದಲ್ಲಿ ಹೆಸರೇ ಬೇಕಿರಲಿಲ್ಲ. ನಮ್ಮ ಊರಿನ ಹೆಸರೇ ಬಾಳೆಲೆ. ಬಾಳೆಲೆಯ ಊಟವನ್ನೇ ನೆನೆಸಿಕೊಳ್ಳಿ. ಉಪ್ಪು ಮೇಲೆ ಎಡತುದಿಗೆ, ಪಲ್ಯ-ಕೋಸಂಬರಿ ಮೇಲಿನ ಸಾಲಿಗೆ, ಅನ್ನ ಕೆಳಗೆ ನಡುವಿಗೆ. ಯಾವುದರ ಮೇಲೂ ಚೀಟಿ ಅಂಟಿಸಿರುವುದಿಲ್ಲ, ಆದರೂ ಕೈ ತಪ್ಪುವುದಿಲ್ಲ. ಇದ್ದ ಜಾಗವೇ ಅದರ ಹೆಸರು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ರೂಪಿಸಿದ ಯುನಿಕ್ಸ್, 1970ರ ದಶಕದ ಪಿಡಿಪಿ-11 ಯಂತ್ರದಲ್ಲಿ ಹೀಗೇ ನಡೆಯಿತು. ಪ್ರೋಗ್ರಾಮಿಗೆ ಇದ್ದದ್ದು ಮೂರೇ ತಾಕು: ಆಜ್ಞೆಗಳಿರುವ ‘ಟೆಕ್ಸ್ಟ್’, ಅದರ ಮೇಲೆ ‘ಡೇಟಾ’, ಎದುರು ತುದಿಯಿಂದ ಕೆಳಗೆ ಬೆಳೆಯುವ ‘ಸ್ಟ್ಯಾಕ್’. ಡೇಟಾ ಸಾಲದೆ ಬಂದರೆ ‘ಬ್ರೇಕ್’ ಎಂಬ ಗಡಿಕಲ್ಲನ್ನು ಸ್ವಲ್ಪ ಮೇಲಕ್ಕೆ ಸರಿಸಿಕೊಡಿ ಎಂದು ಕರ್ನಲನ್ನು ಕೇಳುವುದು. ಹೀಗೆ ಸರಿಸಿ ಪಡೆದ ಜಾಗವೇ ‘ಹೀಪ್’. ಮೂರು ತಾಕಿನ ಜಮೀನಿಗೆ ನಕ್ಷೆ ಯಾಕೆ?

ಜಾಗವೇ ಹೆಸರು ಎಂಬ ಕಾಲ ಮುಗಿದದ್ದು ‘ಎಂಮ್ಯಾಪ್’ ಬಂದ ಮೇಲೆ. 1983ರ 4.2ಬಿಎಸ್‌ಡಿ ಕೈಪಿಡಿಯಲ್ಲಿ ಅದರ ವಿವರಣೆ ಇತ್ತು. ಪೂರ್ತಿಯಾಗಿ ಕೈಗೆ ಸಿಕ್ಕಿದ್ದು 1988ರ ಸನ್‌ಓಎಸ್ 4.0ದಲ್ಲಿ. ಬಯಲಿನ ಎಲ್ಲಿ ಬೇಕಾದರೂ, ಎಷ್ಟು ಬೇಕಾದರೂ ತಾಕು ಕೇಳಿ ಪಡೆಯಬಹುದೆಂದಾಯಿತು. ಒಂದು ಕಡತವನ್ನೇ ಅಲ್ಲಿ ಹಾಸಬಹುದು, ಬರೀ ಖಾಲಿ ಜಾಗವನ್ನೂ ಪಡೆಯಬಹುದು. ಇದಕ್ಕೂ ಸ್ವಲ್ಪ ಮೊದಲು, 1984ರಲ್ಲಿ, ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ ಓಡುತ್ತಿರುವ ಪ್ರೋಗ್ರಾಮನ್ನು ಕಡತದ ಹಾಗೆ ತೆರೆದು ನೋಡಬಹುದೆಂದು ತೋರಿಸಿದ್ದರು. ‘ಪ್ರೋಕ್’ ಹುಟ್ಟಿದ್ದು ಅಲ್ಲಿ. ತಾಕುಗಳು ಹೆಚ್ಚಿದವು, ಅವನ್ನು ನೋಡುವ ಕಿಟಕಿಯೂ ಇತ್ತು. ಇನ್ನು ಯಾವುದು ಏನು ಎಂದು ಕೇಳುವವರು ಹುಟ್ಟಲೇಬೇಕಲ್ಲ.

ಲಿನಕ್ಸ್ ತಾನಾಗಿ ಯಾವುದಕ್ಕೆ ಹೆಸರು ಬರೆಯುತ್ತದೆ ನೋಡಿ. ಕಡತದಿಂದ ಬಂದ ತಾಕಿಗೆ ಆ ಕಡತದ ಪೂರ್ತಿ ಹಾದಿಯನ್ನು ಬರೆಯುತ್ತದೆ. ಇದರಲ್ಲಿ ಗೊಂದಲವಿಲ್ಲ, ಮೂಲಪತ್ರ ಅದರ ಕೈಯಲ್ಲೇ ಇದೆ. ಉಳಿದವುಗಳಲ್ಲಿ ಕೆಲವಕ್ಕೆ ಮಾತ್ರ ಚೌಕ ಕಂಸದೊಳಗೆ ಒಂದು ಪದ: ‘ಹೀಪ್’, ‘ಸ್ಟ್ಯಾಕ್’, ಗಡಿಯಾರದಂಥ ಸಣ್ಣ ಪ್ರಶ್ನೆಗಳಿಗೆ ಕರ್ನಲಿನೊಳಗೆ ಹೋಗದೆಯೇ ಉತ್ತರ ಪಡೆಯಲು ಕರ್ನಲ್ ತಾನೇ ಹಾಸಿಕೊಡುವ ‘ವಿಡಿಎಸ್‌ಒ’. ಈ ಹೆಸರುಗಳನ್ನು ಅದು ಹೇಗೆ ನಿರ್ಧರಿಸುತ್ತದೆಂದು ಮೂಲ ಆಜ್ಞಾವಳಿಯಲ್ಲಿ ಓದಿದಾಗ ನನಗೆ ಆದ ಸಂತೋಷ ದೊಡ್ಡದು. ಪ್ರೋಗ್ರಾಮನ್ನು ಶುರು ಮಾಡುವ ಕ್ಷಣದಲ್ಲಿ ಬ್ರೇಕ್ ಗಡಿಕಲ್ಲು ಎಲ್ಲಿತ್ತು, ಮೊದಲ ಸ್ಟ್ಯಾಕನ್ನು ಎಲ್ಲಿ ನಿಲ್ಲಿಸಿದೆ ಎಂದು ಕರ್ನಲ್ ಬರೆದಿಟ್ಟುಕೊಂಡಿರುತ್ತದೆ. ಪಟ್ಟಿ ಕೇಳಿದಾಗ ತಾಕಿನ ಗಡಿಗಳನ್ನು ಆ ಗುರುತುಗಳಿಗೆ ಹೋಲಿಸುತ್ತದೆ. ಹೊಂದಿದರೆ ಹೆಸರು, ಇಲ್ಲದಿದ್ದರೆ ಖಾಲಿ. ತಾನು ಕೈಯಾರೆ ಮಾಡಿದ್ದನ್ನು ಮಾತ್ರ ಹೇಳುವುದು, ಊಹೆಗೆ ಇಳಿಯದಿರುವುದು. ಅಷ್ಟೇ.

ಆದರೆ ಅಷ್ಟಕ್ಕೇ ಓದುವವನ ಕಷ್ಟ ತೀರುವುದಿಲ್ಲ. ಇಂದು ಸಿ ಭಾಷೆಯ ಪ್ರೋಗ್ರಾಂ ಮೆಮೊರಿ ಕೇಳುವುದು ‘ಮ್ಯಾಲಕ್’ ಮೂಲಕ. ಲಿನಕ್ಸಿನಲ್ಲಿ ಹೆಚ್ಚಿನವರು ಬಳಸುವ ಗ್ಲಿಬ್‌ಸಿ ಗ್ರಂಥಾಲಯದ ಮ್ಯಾಲಕ್, ಸಣ್ಣ ಬೇಡಿಕೆಗಳಿಗೆ ಬ್ರೇಕ್ ಗಡಿಕಲ್ಲನ್ನು ಸರಿಸುತ್ತದೆ. ಮೂಲ ಲೆಕ್ಕದಲ್ಲಿ 128 ಕಿಲೋಬೈಟ್ ದಾಟಿದ ಬೇಡಿಕೆಗೆ ಎಂಮ್ಯಾಪಿನಿಂದ ಬೇರೆಯೇ ತಾಕು ತರುತ್ತದೆ. ಎರಡೂ ಪ್ರೋಗ್ರಾಮಿನ ಕಣ್ಣಿಗೆ ಹೀಪ್‌ಗಳೇ. ಕರ್ನಲ್ ಪಟ್ಟಿಯಲ್ಲಿ ಮಾತ್ರ ಮೊದಲನೆಯದಕ್ಕೆ ‘ಹೀಪ್’ ಎಂಬ ಹೆಸರು, ಎರಡನೆಯದಕ್ಕೆ ಬಿಳಿ ಜಾಗ.

ಇದನ್ನು ದೊಡ್ಡಪ್ಪನಿಗೆ ಹೇಳುವುದು ಸುಲಭವಾಯಿತು, ಏಕೆಂದರೆ ನಮ್ಮ ಮನೆಯ ಪಹಣಿಯಲ್ಲಿ ‘ಬಾಣೆ’ ಎಂದಿದೆ. ಕೊಡಗಿನಲ್ಲಿ ಬಾಣೆಯೆಂದರೆ ಗದ್ದೆಗೆ ಅಂಟಿಕೊಂಡು ಬಂದ ಕಾಡುಜಾಗ. ದನ ಮೇಯಲು, ಸೊಪ್ಪುಗೊಬ್ಬರಕ್ಕೆ, ಸೌದೆಗೆ, ಮನೆಯ ಮರಮಟ್ಟಿಗೆಂದು ಗದ್ದೆಯ ಸೇವೆಗಾಗಿ ಕೊಟ್ಟದ್ದು. 1899ರ ಕೊಡಗು ಭೂಕಂದಾಯ ನಿಬಂಧನೆ ಅದನ್ನು ಹೀಗೇ ಅರ್ಥೈಸುತ್ತದೆ. ಇಂದು ಅದೇ ಬಾಣೆಗೆ ಹೋಗಿ ನೋಡಿದರೆ ನೆರಳುಮರದ ಕೆಳಗೆ ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಪಹಣಿಯ ಪದ ಸುಳ್ಳಲ್ಲ. ಜಾಗ ಯಾವ ಕರಾರಿನ ಮೇಲೆ ಬಂತು ಎಂಬುದನ್ನು ಅದು ಹೇಳುತ್ತಿದೆ, ಈಗ ಅಲ್ಲಿ ಏನಿದೆ ಎಂಬುದನ್ನಲ್ಲ. ‘ಹೀಪ್’ ಎಂಬ ಪದವೂ ಹಾಗೆಯೇ ಬಂದ ಬಾಗಿಲನ್ನು ಹೇಳುತ್ತದೆ, ಬಳಕೆಯನ್ನಲ್ಲ. ಈ ಎರಡನ್ನು ಒಂದೇ ಎಂದುಕೊಂಡವರೆಲ್ಲ ನನ್ನ ಹಾಗೆ ಎಡವಿದ್ದಾರೆ.

ನಾನು ಎಡವಿದ್ದು ಹೀಗೆ. ಆಗ ಕೆಲಸ ಮಾಡುತ್ತಿದ್ದ ಕಡೆ ಒಂದು ಪ್ರೋಗ್ರಾಂ 16 ಕೋರಿನ ಸರ್ವರಿನಲ್ಲಿ ಸುಮಾರು 8 ಗಿಗಾಬೈಟ್ ಆವರಿಸಿಕೊಂಡು ನಿಂತಿತು. ಪಟ್ಟಿ ತೆಗೆದು ನೋಡಿದರೆ ‘ಹೀಪ್’ ಎಂದು ಹೆಸರಿದ್ದ ತಾಕು ಅಂಗೈ ಅಗಲ. ಉಳಿದದ್ದೆಲ್ಲ ಅನಾಮಧೇಯ. ಹೀಪ್ ಸಣ್ಣದಿದೆ, ಹಾಗಾದರೆ ಮ್ಯಾಲಕ್ಕಿನ ತಪ್ಪಿಲ್ಲ, ನಾವು ಹೊಸದಾಗಿ ಸೇರಿಸಿದ್ದ ಚಿತ್ರ ಸಂಸ್ಕರಣೆಯ ಗ್ರಂಥಾಲಯವೇ ಜಾಗ ನುಂಗುತ್ತಿದೆ ಎಂದು ನಾನೇ ತೀರ್ಪು ಕೊಟ್ಟೆ. ಎರಡು ವಾರ ಅದರ ಬೆನ್ನು ಹತ್ತಿದ್ದೆವು. ಬಾಳೆಲೆಗೆ ತಂದಿದ್ದ ಹಾಳೆಗಳು ಆ ಪಟ್ಟಿಯವೇ. ಜಗಲಿಯಲ್ಲಿ ನಿಧಾನವಾಗಿ ಓದುವಾಗ ಒಂದು ವಿನ್ಯಾಸ ಕಣ್ಣಿಗೆ ಬಿತ್ತು: ಹೆಸರಿಲ್ಲದ ಸಾಲುಗಳು ಜೋಡಿಜೋಡಿಯಾಗಿ ಬರುತ್ತಿದ್ದವು. ಮೊದಲನೆಯದು ಸಣ್ಣದು, ಓದು-ಬರಹದ ಹಕ್ಕಿನದ್ದು. ಅದಕ್ಕೆ ಅಂಟಿಕೊಂಡೇ ಒಂದು ದೊಡ್ಡ ತಾಕು, ಹಕ್ಕಿನ ಜಾಗದಲ್ಲಿ ಮೂರೂ ಗೆರೆ. ಎರಡನ್ನೂ ಕೂಡಿಸಿದರೆ ಪ್ರತಿ ಸಲವೂ ಸರಿಯಾಗಿ 64 ಮೆಗಾಬೈಟ್.

64 ಎಂಬ ಸಂಖ್ಯೆಯೇ ಗುಟ್ಟು ಬಿಟ್ಟುಕೊಟ್ಟಿತು. ಪ್ರೋಗ್ರಾಮಿನೊಳಗೆ ಹಲವು ಎಳೆಗಳು ಏಕಕಾಲಕ್ಕೆ ಓಡುವಾಗ ಒಂದೇ ಕಣಜಕ್ಕೆ ಎಲ್ಲರೂ ಕೈಹಾಕಿ ಜಗಳವಾಗದಿರಲಿ ಎಂದು ಗ್ಲಿಬ್‌ಸಿ ಬೇರೆ ಬೇರೆ ಕಣಜ ತೆರೆಯುತ್ತದೆ. ಇವಕ್ಕೆ ‘ಅರೀನಾ’ ಎನ್ನುತ್ತಾರೆ. ಒಂದೊಂದಕ್ಕೂ 64 ಮೆಗಾಬೈಟ್ ಜಾಗವನ್ನು ಮೊದಲೇ ಬೇಲಿ ಹಾಕಿ ಹಿಡಿದು, ಬೇಕಾದಷ್ಟಕ್ಕೆ ಮಾತ್ರ ಬರೆಯುವ ಹಕ್ಕು ತೆಗೆದುಕೊಳ್ಳುತ್ತಾ ಹೋಗುತ್ತದೆ. 64-ಬಿಟ್ ಯಂತ್ರದಲ್ಲಿ ಕೋರ್ ಒಂದಕ್ಕೆ 8 ಅರೀನಾದವರೆಗೆ ತೆರೆಯಬಹುದು. 16 ಕೋರಿಗೆ 128 ಅರೀನಾ, ಒಟ್ಟು 8 ಗಿಗಾಬೈಟ್. ಬೇಲಿ ಹಾಕಿದ್ದಷ್ಟೇ, ಬಿತ್ತಿದ್ದಲ್ಲ. ನಿಜವಾಗಿ ಎಷ್ಟು ಪುಟ ಬಳಕೆಯಲ್ಲಿದೆ ಎಂದು ತಾಕುವಾರು ತೋರಿಸುವ ‘ಎಸ್‌ಮ್ಯಾಪ್ಸ್’ ಪಟ್ಟಿ 2005ರಿಂದಲೂ ಇತ್ತು. ಅದನ್ನೊಮ್ಮೆ ನೋಡಿದ್ದರೆ ಎರಡು ವಾರ ಉಳಿಯುತ್ತಿತ್ತು. ಅದು ನನ್ನ ಆತುರ. ಆದರೂ ಆ ಸಾಲುಗಳ ಕೊನೆಗೆ ‘ಮ್ಯಾಲಕ್’ ಎಂದು ಒಂದೇ ಪದವಿದ್ದಿದ್ದರೆ ಅಷ್ಟು ದೂರ ಹೋಗುವ ಅಗತ್ಯವೇ ಬೀಳುತ್ತಿರಲಿಲ್ಲ.

ಹಾಗಾದರೆ ಕರ್ನಲ್ಲೇ ಪತ್ತೆ ಹಚ್ಚಿ ಬರೆಯಲಿ ಎನ್ನಬಹುದು. ಅದನ್ನೂ ಮಾಡಿ ನೋಡಿದ್ದಾರೆ, ಮತ್ತು ಈ ಕತೆ ನನಗೆ ತುಂಬ ಇಷ್ಟ. ಪ್ರೋಗ್ರಾಮಿನ ಪ್ರತಿ ಎಳೆಗೂ ಒಂದೊಂದು ಸ್ಟ್ಯಾಕ್ ಬೇಕು. ಮೊದಲ ಎಳೆಯ ಸ್ಟ್ಯಾಕನ್ನು ಕರ್ನಲ್ ನಿಲ್ಲಿಸಿಕೊಡುತ್ತದೆ. ಉಳಿದವನ್ನು ಗ್ರಂಥಾಲಯ ಎಂಮ್ಯಾಪಿನಿಂದ ತಂದುಕೊಳ್ಳುತ್ತದೆ. ಹಾಗಾಗಿ ಅವು ಅನಾಮಧೇಯ. 2012ರಲ್ಲಿ ಸಿದ್ಧೇಶ್ ಪೊಯರೇಕರ್ ಬರೆದ ತಿದ್ದುಪಡಿ ಲಿನಕ್ಸ್ 3.4ರಲ್ಲಿ ಸೇರಿತು. ಪಟ್ಟಿ ಬರೆಯುವಾಗ ಪ್ರತಿ ಎಳೆಯ ಸ್ಟ್ಯಾಕಿನ ತುದಿ ತೋರಿಸುವ ‘ಸ್ಟ್ಯಾಕ್ ಸೂಚಕ’ ಈಗ ಯಾವ ತಾಕಿನೊಳಗೆ ನಿಂತಿದೆ ಎಂದು ನೋಡಿ, ಆ ತಾಕಿಗೆ ‘ಸ್ಟ್ಯಾಕ್’ ಎಂದೂ ಎಳೆಯ ಸಂಖ್ಯೆಯನ್ನೂ ಬರೆಯುವುದು. ದೋಷ ಹುಡುಕುವವರಿಗೆ ಬಹಳ ಉಪಕಾರಿ. ಆದರೆ ಪ್ರತಿ ತಾಕಿಗೂ ಎಲ್ಲ ಎಳೆಗಳನ್ನೂ ವಿಚಾರಿಸಬೇಕು. ಸಾವಿರ ಎಳೆಯಿದ್ದರೆ ಸಾವಿರ ಸ್ಟ್ಯಾಕ್, ಒಂದು ಪಟ್ಟಿ ಬರೆಯಲು ಹತ್ತು ಲಕ್ಷ ವಿಚಾರಣೆ. ಜೊತೆಗೆ ಓಡುತ್ತಿರುವ ಎಳೆಯ ಸೂಚಕ ನೋಡುನೋಡುತ್ತಲೇ ಬದಲಾಗುತ್ತಿರುತ್ತದೆ. 2016ರ 4.5 ಆವೃತ್ತಿಯಲ್ಲಿ ಯೊಹಾನೆಸ್ ವೈನರ್ ಅದನ್ನು ತೆಗೆದುಹಾಕಿದರು. ಸಿಗುವ ಪ್ರಯೋಜನಕ್ಕಿಂತ ತೆರುವ ಬೆಲೆ ಹೆಚ್ಚಾಯಿತು ಎಂಬುದು ಕಾರಣ.

ಹಾಕಿದ್ದನ್ನು ತೆಗೆಯುವುದು ಸೋಲಿನ ಹಾಗೆ ಕಾಣಬಹುದು. ನಾನು ಹಾಗೆ ನೋಡುವುದಿಲ್ಲ. ಕೋಟ್ಯಂತರ ಯಂತ್ರಗಳಲ್ಲಿ ಓಡುವ ವಸ್ತುವಿನಿಂದ ಒಂದು ಸೌಲಭ್ಯವನ್ನು ಹಿಂದಕ್ಕೆ ಪಡೆದು, ಯಾಕೆ ಪಡೆದೆವು ಎಂದು ಎಲ್ಲರೂ ಓದುವಂತೆ ಲೆಕ್ಕಸಮೇತ ಬರೆದಿಟ್ಟ ವೃತ್ತಿನಿಷ್ಠೆ ಅದು. ಎಳೆಯ ಸ್ಟ್ಯಾಕ್ ತರುವಾಗ ಗ್ಲಿಬ್‌ಸಿ ‘ಇದು ಸ್ಟ್ಯಾಕಿಗೆ’ ಎಂಬ ಸೂಚನೆಯನ್ನೂ ಎಂಮ್ಯಾಪಿಗೆ ಕೊಡುತ್ತದೆ. ಲಿನಕ್ಸ್ ವರ್ಷಗಟ್ಟಲೆ ಆ ಸೂಚನೆಯನ್ನು ಕೇಳಿಸಿಕೊಂಡು ಹಾಗೇ ಬಿಟ್ಟುಬಿಡುತ್ತಿತ್ತು. ಗೊತ್ತಿದ್ದವನು ಹೇಳುತ್ತಿದ್ದಾನೆ, ಬರೆದುಕೊಳ್ಳುವ ಕಾಲಂ ಇಲ್ಲ. ಬೇಕಿದ್ದದ್ದು ಆ ಕಾಲಂ.

ಅದನ್ನು ಮೊದಲು ತೆರೆದವರು ಆಂಡ್ರಾಯ್ಡ್ ತಂಡದವರು. ಫೋನಿನಲ್ಲಿ ಮೆಮೊರಿ ಕಡಿಮೆ, ಒಂದೇ ಪ್ರೋಗ್ರಾಮಿನೊಳಗೆ ಜಾವಾ ವಸ್ತುಗಳು, ಮ್ಯಾಲಕ್, ಚಿತ್ರಗಳು ಎಲ್ಲ ಸೇರಿಕೊಂಡಿರುತ್ತವೆ. ಯಾವುದು ಎಷ್ಟು ತಿನ್ನುತ್ತಿದೆ ಎಂದು ತಿಳಿಯದೆ ಅವರಿಗೆ ಗತಿಯಿರಲಿಲ್ಲ. ಗೂಗಲ್‌ನ ಕಾಲಿನ್ ಕ್ರಾಸ್ 2013ರಲ್ಲಿ ಒಂದು ತಿದ್ದುಪಡಿ ಮುಂದಿಟ್ಟರು: ಹೆಸರಿಲ್ಲದ ತಾಕಿಗೆ ಪ್ರೋಗ್ರಾಂ ತಾನೇ ಹೆಸರು ಹೇಳಲಿ, ಕರ್ನಲ್ ಅದನ್ನು ಪಟ್ಟಿಯಲ್ಲಿ ತೋರಿಸಲಿ. ಆಂಡ್ರಾಯ್ಡ್ ತನ್ನ ಕರ್ನಲಿನಲ್ಲಿ ಅದನ್ನು ಬಳಸುತ್ತಲೇ ಬಂತು. ಲಿನಕ್ಸಿನ ಮುಖ್ಯ ಆಜ್ಞಾವಳಿಗೆ ಅದು ಸೇರಿದ್ದು ಸುರೇನ್ ಬಗ್ದಸಾರ್ಯನ್ ಕೈಯಲ್ಲಿ ಮತ್ತೆ ರೂಪ ಪಡೆದು, 2022ರ ಮಾರ್ಚಿನ 5.17ರಲ್ಲಿ.

ನಡುವಿನ ಸುಮಾರು ಒಂಬತ್ತು ವರ್ಷ ವ್ಯರ್ಥವಾಗಲಿಲ್ಲ. ಮೊದಲ ರೂಪದಲ್ಲಿ ಕರ್ನಲ್ ಹೆಸರನ್ನು ಬರೆದುಕೊಳ್ಳುತ್ತಿರಲಿಲ್ಲ. ಹೆಸರು ಪ್ರೋಗ್ರಾಮಿನ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸವನ್ನು ಮಾತ್ರ ಇಟ್ಟುಕೊಂಡು, ಪಟ್ಟಿ ಕೇಳಿದಾಗ ಅಲ್ಲಿಗೆ ಹೋಗಿ ಓದುತ್ತಿತ್ತು. ಕರ್ನಲಿಗೆ ಖರ್ಚಿಲ್ಲ. ಆದರೆ ಅಲ್ಲಿದ್ದ ಅಕ್ಷರಗಳು ಅಷ್ಟರೊಳಗೆ ಅಳಿದಿರಬಹುದು, ಬೇರೇನೋ ಆಗಿರಬಹುದು. ಈಗಿನ ರೂಪದಲ್ಲಿ ಕರ್ನಲ್ ಹೆಸರಿನ ನಕಲನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಉದ್ದಕ್ಕೆ 80 ಬೈಟಿನ ಮಿತಿ. ಹೊಸ ಸಾಲು ತೆರೆಯುವ ಚಿಹ್ನೆಗೆ ಅವಕಾಶವಿಲ್ಲ, ಇದ್ದಿದ್ದರೆ ದುರುಳ ಪ್ರೋಗ್ರಾಂ ಹೆಸರಿನ ನೆಪದಲ್ಲಿ ಒಂದು ಸುಳ್ಳು ಸಾಲನ್ನೇ ಪಟ್ಟಿಗೆ ಸೇರಿಸಬಹುದಿತ್ತು. ಚೌಕ ಕಂಸ, ಡಾಲರ್ ಚಿಹ್ನೆ, ಹಿಮ್ಮುಖ ಓರೆಗೆರೆಗಳಿಗೂ ನಿಷೇಧ. ಪಟ್ಟಿ ಓದುವ ಬೇರೆ ಪ್ರೋಗ್ರಾಂಗಳು ಅವನ್ನು ಕಂಡು ದಿಕ್ಕು ತಪ್ಪಬಾರದಲ್ಲ. ಕಂದಾಯ ಕಚೇರಿಯಲ್ಲಿ ಒಂದು ಅಕ್ಷರ ತಿದ್ದಿದ ಪಹಣಿ ಹಿಡಿದು ವರ್ಷಗಟ್ಟಲೆ ಅಲೆದವರನ್ನು ಕಂಡ ನನಗೆ ಈ ಎಚ್ಚರ ಅತಿಯೆನಿಸುವುದಿಲ್ಲ.

ಹೆಸರಿಗೆ ಇನ್ನೊಂದು ಬೆಲೆಯಿದೆ. ಅಕ್ಕಪಕ್ಕದ ಎರಡು ಅನಾಮಧೇಯ ತಾಕುಗಳ ಹಕ್ಕು ಒಂದೇ ಆಗಿದ್ದರೆ ಕರ್ನಲ್ ನಡುವಿನ ಬದು ತೆಗೆದು ಒಂದೇ ಮಾಡುತ್ತದೆ, ದಾಖಲೆಯೂ ಒಂದೇ ಸಾಕು. ಹೆಸರು ಬೇರೆಯಾದರೆ ಬದು ಉಳಿಯಬೇಕಾಗುತ್ತದೆ. ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ 65,530 ತಾಕುಗಳ ಮಿತಿ. ತೋಚಿದಂತೆ ಹೆಸರಿಡುತ್ತಾ ಹೋದರೆ ತಾಕುಗಳು ಚೂರುಚೂರಾಗಿ ಆ ಮಿತಿ ಹತ್ತಿರವಾಗುತ್ತದೆ. ಅದಕ್ಕೇ ಈ ಸೌಲಭ್ಯವನ್ನು ಬೇಕಾದವರು ಮಾತ್ರ ಆರಿಸಿಕೊಳ್ಳುವಂತೆ ಇಟ್ಟಿದ್ದಾರೆ. ಗ್ಲಿಬ್‌ಸಿ 2024ರ 2.39 ಆವೃತ್ತಿಯಿಂದ ತನ್ನ ಅರೀನಾಗಳಿಗೂ ಎಳೆಗಳ ಸ್ಟ್ಯಾಕಿಗೂ ಹೆಸರು ಬರೆಯಬಲ್ಲದು, ಆದರೆ ನಾವು ಕೇಳಿಕೊಂಡರೆ ಮಾತ್ರ. ಗೋ ಭಾಷೆ 2025ರ 1.25 ಆವೃತ್ತಿಯಿಂದ ಕೇಳದೆಯೇ ಬರೆಯುತ್ತದೆ. ಗೋ ಬ್ರೇಕ್ ಗಡಿಕಲ್ಲಿನ ಗೊಡವೆಗೇ ಹೋಗದ ಭಾಷೆ. ಕರ್ನಲ್ ಕೊಡುವ ‘ಹೀಪ್’ ಎಂಬ ಹೆಸರು ಅದರ ನಿಜವಾದ ಹೀಪಿಗೆ ಎಂದೂ ತಾಗುತ್ತಿರಲಿಲ್ಲ.

ಆ್ಯಪಲ್‌ನ ಮ್ಯಾಕ್ ಇದೇ ಕೆಲಸವನ್ನು ಅಂಕಿಯಿಂದ ಮಾಡುತ್ತದೆ. ತಾಕು ಕೇಳುವಾಗಲೇ ಒಂದು ಸಂಖ್ಯೆ ಹೇಳಬಹುದು: 1 ಎಂದರೆ ಮ್ಯಾಲಕ್, 30 ಎಂದರೆ ಸ್ಟ್ಯಾಕ್, 240ರಿಂದ 255ರವರೆಗೆ ನಿಮ್ಮಿಷ್ಟ. ಅಗ್ಗದ, ಅಚ್ಚುಕಟ್ಟಾದ ಉಪಾಯ. ಆದರೆ ಹದಿನಾರೇ ಸ್ವಂತ ಗುರುತು ಸಾಕಾಗುವುದು ಕಷ್ಟ, ಸಂಖ್ಯೆಯ ಅರ್ಥ ತಿಳಿಯಲು ಬೇರೆ ಪಟ್ಟಿ ಹುಡುಕಬೇಕು. ನನ್ನ ಒಲವು ಪದಗಳ ಕಡೆಗೇ.

ನಮ್ಮ ರಾಜ್ಯದಲ್ಲೂ ಇಂಥದ್ದೇ ಬದಲಾವಣೆಯಾಯಿತು. ಬಹುಕಾಲ ಪಹಣಿಯ ಬೆಳೆ ಕಾಲಂ ತುಂಬುತ್ತಿದ್ದವರು ಗ್ರಾಮಲೆಕ್ಕಿಗರು. ಒಬ್ಬರ ಪಾಲಿಗೆ ಎಷ್ಟೋ ಹಳ್ಳಿ. ಪ್ರತಿ ತಾಕಿಗೂ ಹೋಗಿ ನೋಡಿ ಬರೆಯುವುದು ಮನುಷ್ಯರಿಂದ ಆಗುವ ಕೆಲಸವಲ್ಲ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ತಾಕಿನಲ್ಲಿ ನಿಂತು, ಫೋಟೊ ತೆಗೆದು, ಮೊಬೈಲ್ ಆ್ಯಪಿನಲ್ಲಿ ಬೆಳೆ ದಾಖಲಿಸುವ ಕ್ರಮ ಬಂತು. ನಮ್ಮ ಮನೆಯ ಬಾಣೆಯಲ್ಲಿ ಕಾಫಿಯೂ ಮೆಣಸೂ ಇವೆಯೆಂದು ಹೇಳಲು ಅಲ್ಲಿ ದಿನವೂ ಓಡಾಡುವ ದೊಡ್ಡಪ್ಪನಿಗಿಂತ ಬಲ್ಲವರು ಯಾರು?

ಆದರೆ ಹೆಸರಿನ ಬೆನ್ನಿಗೆ ಹಕ್ಕು ಅಂಟಿಕೊಂಡಾಗ ಮಾತೇ ಬೇರೆಯಾಗುತ್ತದೆ. ಕೊಡಗಿನಲ್ಲಿ ವಂಶಪಾರಂಪರ್ಯ ಹಿಡುವಳಿಯನ್ನು ಸೂಚಿಸುವ ‘ಜಮ್ಮ’ ಎಂಬ ಒಂದು ಪದಕ್ಕೆ ಎಷ್ಟು ಭಾರವಿದೆ ನೋಡಿ. ಜಮ್ಮ ಹಿಡುವಳಿಗೆ ಕಂದಾಯ ಸಾಮಾನ್ಯ ‘ಸಾಗು’ ಹಿಡುವಳಿಯ ಅರ್ಧವಿತ್ತು. ಜಮ್ಮ ಹಿಡುವಳಿದಾರರಿಗೂ ಕೊಡವರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಇಂಥ ಪದವನ್ನು ಯಾರು ಬೇಕಾದರೂ ತಮ್ಮ ಪಹಣಿಗೆ ಬರೆದುಕೊಳ್ಳುವಂತಿಲ್ಲ. ಮೆಮೊರಿಯಲ್ಲಿ ಈ ಬಗೆಯ ಹೆಸರು ತಂದವರು ಓಪನ್‌ಬಿಎಸ್‌ಡಿಯವರು. ಲಿನಕ್ಸ್ ಕೇಳಿ ಬಿಟ್ಟುಬಿಡುತ್ತಿದ್ದ ಅದೇ ‘ಇದು ಸ್ಟ್ಯಾಕಿಗೆ’ ಎಂಬ ಸೂಚನೆಯನ್ನು ಅವರು 2018ರ 6.4 ಆವೃತ್ತಿಯಲ್ಲಿ ಕಡ್ಡಾಯ ಮಾಡಿದರು. ಪ್ರೋಗ್ರಾಂ ಏನಾದರೂ ಕೇಳಿಕೊಂಡು ಕರ್ನಲಿನ ಬಾಗಿಲಿಗೆ ಬಂದಾಗ, ಅದರ ಸ್ಟ್ಯಾಕ್ ಸೂಚಕ ಸ್ಟ್ಯಾಕೆಂದು ಘೋಷಿಸಿದ ತಾಕಿನೊಳಗೇ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಪ್ರೋಗ್ರಾಮನ್ನು ಅಲ್ಲೇ ಕೊಲ್ಲುತ್ತದೆ. ದಾಳಿಕೋರರು ಹೀಪಿನಲ್ಲಿ ತಮ್ಮ ಸಾಮಗ್ರಿ ಜೋಡಿಸಿಟ್ಟು ಸೂಚಕವನ್ನು ಅಲ್ಲಿಗೆ ತಿರುಗಿಸುವ ಹಳೆಯ ಚಾಳಿಗೆ ಇದು ಅಡ್ಡಗೋಡೆ. ಓದುವವರಿಗಾಗಿ ಬರೆದ ಹೆಸರು ಸಡಿಲವಾಗಿರಲಿ, ಹಕ್ಕು ಕೊಡುವ ಹೆಸರು ಪರೀಕ್ಷೆಗೆ ಒಳಪಡಲಿ. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಬೆರೆಸದೆ ಬೇರೆ ಬೇರೆ ಇಟ್ಟ ವಿವೇಕಕ್ಕೆ ನಾನು ತಲೆಬಾಗುತ್ತೇನೆ.

ಕರ್ನಲ್ ತಾನೇ ಹೆಸರು ಬರೆಯಲೇಬೇಕಾದ ಸಂದರ್ಭವೊಂದಿದೆ, ಅದರ ಬೇರು ಬೆಂಗಳೂರಿನಲ್ಲಿದೆ. ಓಡುತ್ತಿರುವ ವ್ಯವಸ್ಥೆಯನ್ನು ನಿಲ್ಲಿಸದೆ ಅದರ ನಾಡಿ ಹಿಡಿಯುವ ‘ಕೆಪ್ರೋಬ್ಸ್’, ‘ಯುಪ್ರೋಬ್ಸ್’ ಎಂಬ ಸಾಧನಗಳ ಮೇಲೆ ಬೆಂಗಳೂರಿನ ಐಬಿಎಂ ಲಿನಕ್ಸ್ ತಂಡದವರು ವರ್ಷಗಟ್ಟಲೆ ದುಡಿದರು. ಕೆಪ್ರೋಬ್ಸ್ ನೋಡಿಕೊಳ್ಳುವವರ ಪಟ್ಟಿಯಲ್ಲಿ ಅನಂತ್ ಮಾವಿನಕಾಯನಹಳ್ಳಿ ಎಂಬ ಹೆಸರನ್ನು ಮೊದಲ ಸಲ ಓದಿದಾಗ ಆದ ಹಿಗ್ಗು ನನಗಿನ್ನೂ ನೆನಪಿದೆ. ಶ್ರೀಕರ್ ದ್ರೋಣಂರಾಜು ಮುನ್ನಡೆಸಿದ ಯುಪ್ರೋಬ್ಸ್ 2012ರ ಲಿನಕ್ಸ್ 3.5ರಲ್ಲಿ ಸೇರಿತು. ಪ್ರೋಗ್ರಾಮಿನ ಒಂದು ಆಜ್ಞೆಯ ಜಾಗದಲ್ಲಿ ತಡೆಕಲ್ಲು ಇಟ್ಟು, ಅಲ್ಲಿಗೆ ಬಂದಾಗಲೆಲ್ಲ ಲೆಕ್ಕ ಬರೆದುಕೊಳ್ಳುವುದು ಅದರ ಕೆಲಸ. ಎತ್ತಿಟ್ಟ ಮೂಲ ಆಜ್ಞೆಯನ್ನು ಎಲ್ಲಾದರೂ ನಡೆಸಬೇಕಲ್ಲ, ಅದಕ್ಕೆಂದು ಕರ್ನಲ್ ಆ ಪ್ರೋಗ್ರಾಮಿನ ಬಯಲಿನೊಳಗೇ ಒಂದು ಪುಟ್ಟ ತಾಕು ತೆರೆಯುತ್ತದೆ. ಪ್ರೋಗ್ರಾಂ ಕೇಳದ ತಾಕು, ಆಜ್ಞೆ ನಡೆಸುವ ಹಕ್ಕಿರುವ ತಾಕು, ಹೆಸರಿಲ್ಲದ ತಾಕು. ನುಸುಳುಕೋರ ತಂದು ತುರುಕಿದ ಆಜ್ಞೆಗಳೂ ಪಟ್ಟಿಯಲ್ಲಿ ಹೀಗೇ ಕಾಣುತ್ತವೆ. 2015ರಲ್ಲಿ ಒಲೆಗ್ ನೆಸ್ಟೆರೊವ್ ಅದಕ್ಕೆ ‘ಯುಪ್ರೋಬ್ಸ್’ ಎಂದು ಹೆಸರು ಬರುವಂತೆ ಮಾಡಿದರು. ತಂದವರೇ ತಮ್ಮ ಹೆಸರು ಬರೆದ ಹಾಗಾಯಿತು.

ಮುಂದೊಂದು ವರ್ಷ ಮತ್ತೆ ಬಾಳೆಲೆಗೆ ಹೋದಾಗ ಕಾಫಿ ಕೊಯಿಲಿನ ಕಾಲ. ಕಣದಲ್ಲಿ ಹರಡಿದ ಹಣ್ಣಿನ ಲೆಕ್ಕ ಇಡಲು ದೊಡ್ಡಪ್ಪನಿಗಾಗಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಅದರ ಲೆಕ್ಕ ನಿಲ್ಲುವ ತಾಕಿಗೆ ಕನ್ನಡದಲ್ಲೇ ಹೆಸರಿಡೋಣ ಎಂದು ಪ್ರಯತ್ನಿಸಿದೆ. ಕರ್ನಲ್ ಒಪ್ಪಲಿಲ್ಲ. 5.17ರಲ್ಲಿ ಬಂದ ಆ ಸೌಲಭ್ಯ ಇಂಗ್ಲಿಷ್ ಕೀಲಿಮಣೆಯ ಸರಳ ಅಕ್ಷರಗಳನ್ನು ಮಾತ್ರ ಸ್ವೀಕರಿಸುತ್ತದೆ. ಸುರಕ್ಷತೆಯ ಕಾರಣ ನನಗೆ ಅರ್ಥವಾಗುತ್ತದೆ, ಆದರೂ ಮನಸ್ಸಿಗೆ ನೋವಾಯಿತು. ಈ ಒಂದು ಬೇಲಿ ಮುಂದೆ ತೆರೆಯಬೇಕೆಂಬುದು ನನ್ನ ಗಟ್ಟಿಯಾದ ಆಸೆ. ಅದಕ್ಕಿಂತ ಹಳೆಯ ಇನ್ನೊಂದು ದಾರಿಯಿದೆ. 2014ರ 3.17ರಿಂದ ಇರುವ ‘ಮೆಮ್‌ಎಫ್‌ಡಿ’, ಡಿಸ್ಕಿನಲ್ಲಿ ಎಲ್ಲೂ ಇಲ್ಲದ, ಮೆಮೊರಿಯಲ್ಲೇ ಬದುಕುವ ಕಡತ. ಅದರ ಹೆಸರಿಗೆ 249 ಬೈಟಿನ ಅವಕಾಶ, ಯಾವ ಲಿಪಿಯೂ ಆದೀತು. ನಮ್ಮ ಒಂದೊಂದು ಅಕ್ಷರಚಿಹ್ನೆಗೆ ಮೂರು ಬೈಟ್. ‘ಕಣ’ ಎಂದು ಬರೆದೆ, ಆರು ಬೈಟ್. ಪಟ್ಟಿ ತೆಗೆದು ಪ್ರಿಂಟ್ ಹಾಕಿಸಿ ಜಗಲಿಗೆ ತಂದೆ.

ದೊಡ್ಡಪ್ಪ ಕನ್ನಡಕ ಏರಿಸಿ, ಅಂಕಿಗಳನ್ನು ಬಿಟ್ಟು ನೇರ ಕೊನೆಯ ಕಾಲಮ್ಮಿಗೆ ಹೋದರು. ಬೆರಳು ‘ಕಣ’ದ ಮೇಲೆ ನಿಂತಿತು. “ಇದು ನಮ್ಮದು” ಅಂದರು. ಆಮೇಲೆ ಅದರ ಪಕ್ಕದ ಪದ ತೋರಿಸಿ, “ಇಲ್ಲೇನೋ ಇಂಗ್ಲಿಷಿನಲ್ಲಿ ಉಂಟಲ್ಲ?” ಎಂದು ಕೇಳಿದರು.

‘ಡಿಲೀಟೆಡ್’ ಎಂದಿತ್ತು. ಮೆಮ್‌ಎಫ್‌ಡಿಯ ತಾಕುಗಳ ಮುಂದೆಲ್ಲ ಕರ್ನಲ್ ಹಾಗೆ ಬರೆಯುತ್ತದೆ. ಆ ಹೆಸರಿನ ಕಡತ ಯಾವ ಕಡತಕೋಶದಲ್ಲೂ ಸಿಗುವುದಿಲ್ಲ ಎಂದಷ್ಟೇ ಅದರ ಅರ್ಥ. ಪ್ರೋಗ್ರಾಂ ಹಿಡಿದುಕೊಂಡಿರುವವರೆಗೆ ಜಾಗವೂ ಇರುತ್ತದೆ, ಅದರೊಳಗಿನ ಲೆಕ್ಕವೂ ಇರುತ್ತದೆ ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಹಾಳೆ ನೋಡಿ, ಎರಡಾಗಿ ಮಡಚಿ, ಪಹಣಿಗಳ ಫೈಲಿನೊಳಗೆ ಇಟ್ಟುಕೊಂಡರು.